ಬೂದಿ ತೊಳೆದ ಲಾಂಡ್ರಿ

ಏಪ್ರಿಲ್ 3, ಬೆಳಿಗ್ಗೆ

ಆಸ್ಪತ್ರೆಯ ಬೆಡ್‌ಶೀಟ್ ಮೆಷಿನ್ನಿಗೆ ಹಾಕಿ ಕೂತೆ. ಮತ್ತೆ ನೆಲ ನಡುಗಿತು. ಮೇಜಿನ ಮೇಲಿದ್ದ ಗುಂಡಿಗಳ ಡಬ್ಬಿ ತಾನಾಗಿಯೇ ನಡೆದುಹೋಗಿ ಕೆಳಗೆ ಬಿತ್ತು. ಅತ್ತೆ ಇಸ್ತ್ರಿಯಿಂದ ತಲೆ ಎತ್ತಲಿಲ್ಲ.

"ಮೆಷಿನ್ ಸ್ಪಿನ್ ಆಗೋವಾಗ ಇದಕ್ಕಿಂತ ಜಾಸ್ತಿ ಅಲ್ಲಾಡುತ್ತೆ."

ಇವರು ಮಾತ್ರ ಯಾರದೋ ಪ್ಯಾಂಟು ಹೆಗಲಿಗೆ ಹಾಕಿಕೊಂಡು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ನಕ್ಕು ನಕ್ಕು ಸಾಕಾಯಿತು. ಬೆಟ್ಟದ ತುದಿಯಲ್ಲಿ ಇವತ್ತೂ ಹೊಗೆ. ಜ್ವಾಲಾಮುಖಿ ಅಂತ ಶಾಲೆಯಲ್ಲಿ ಕಲಿಸಿದ್ದರು. ನಂಬಿರಲಿಲ್ಲ.

ಏಪ್ರಿಲ್ 7

ಸಿಡಿದೇ ಬಿಟ್ಟಿತು! ಕಿಟಕಿ ಗಾಜೆಲ್ಲ ಗಡಗಡ. ಲಾವಾ ಆಚೆ ಬದಿಯ ಕಣಿವೆಗೆ ಇಳಿಯುತ್ತಿದೆಯಂತೆ. ಅಲ್ಲಿಯವರನ್ನು ಮೊದಲೇ ಎಬ್ಬಿಸಿ ಕರೆತಂದಿದ್ದಾರೆ, ಸದ್ಯ ಎಲ್ಲರೂ ಕ್ಷೇಮ. ನಮ್ಮ ಪಾಲಿಗೆ ಬೂದಿ. ಮಧ್ಯಾಹ್ನವೇ ಬೀದಿದೀಪ ಹಾಕಿದರು.

ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡರೂ ಕೆಮ್ಮು. ಒಲೆಯ ಬೂದಿಯಲ್ಲ ಇದು, ಬೆರಳಲ್ಲಿ ಉಜ್ಜಿದರೆ ಗಾಜಿನ ಪುಡಿ. ಹೊರಗೆ ಒಣಹಾಕಿದ್ದ ಬಿಳಿ ಶೀಟುಗಳ ಗತಿ ಕೇಳಬೇಡಿ. ಅತ್ತೆ ಬೆಟ್ಟದ ಕಡೆ ತಿರುಗಿ ಚೆನ್ನಾಗಿ ಬೈದರು. ಬೆಟ್ಟ ಸ್ವಲ್ಪ ಹೊತ್ತು ಸುಮ್ಮನಾಯಿತು, ನಾನೇ ಸಾಕ್ಷಿ.

ಏಪ್ರಿಲ್ 9, ಸಂಜೆ

ಬೀದಿಯವರೆಲ್ಲ ಮನೆಯ ಮಾಡು ಹತ್ತಿ ಪೊರಕೆಯಲ್ಲಿ ಬೂದಿ ಗುಡಿಸಿದರು. ನಾವು ಬಟ್ಟೆ ತೊಳೆಯುವ ಜನ. ಕೊಳೆ ಕಂಡರೆ ಕೈ ತಾನಾಗಿ ನಲ್ಲಿಗೆ ಹೋಗುತ್ತದೆ. ಪೈಪು ಹಿಡಿದು ತಗಡಿನ ಮಾಡಿಗೆ ಬೆಳಿಗ್ಗೆಯಿಂದ ನೀರು ಬಿಟ್ಟೆವು. ಬಟ್ಟೆ ಜಾಲಿಸುವಾಗಿನ ಹಾಗೇ ಅತ್ತೆ ಕೆಳಗಿನಿಂದ ಆರ್ಡರ್: "ಇನ್ನೊಂದು ನೀರು ತೆಗಿ!" ಪೊರಕೆ ಹಿಡಿದ ಪಕ್ಕದಂಗಡಿ ಚಪ್ಪಲಿಯವನನ್ನು ನೋಡಿ ನಾವು ಮೂವರೂ ಕಿಸಕ್ಕನೆ ನಕ್ಕೆವು.

ಬೂದಿ ಹೋಗಲಿಲ್ಲ. ಸಿಮೆಂಟಿನ ಹಾಗೆ ಕೂತುಬಿಟ್ಟಿತು. ಆಮೇಲೆ ರೇಡಿಯೋದಲ್ಲಿ — ಮಾಡಿನ ಬೂದಿಗೆ ನೀರು ಹಾಕಬೇಡಿ, ನೆನೆದರೆ ಭಾರ, ಮಾಡು ಕುಸಿಯುತ್ತದೆ. ಈಗ ಹೇಳುತ್ತಾರೆ, ಪುಣ್ಯಾತ್ಮರು.

ಏಪ್ರಿಲ್ 10

ಇವತ್ತಿನದನ್ನು ಬರೆಯಲೇಬೇಕು.

ಬೆಳಿಗ್ಗೆ ನೋಡಿದರೆ ಮಾಡು ನಡುವೆ ಜೋತುಬಿದ್ದಿತ್ತು. ಕಿರ್... ಕಿರ್... ಎಲ್ಲರೂ ಹೊರಗೆ ಬಂದೆವು. ತಿರುಗಿ ನೋಡಿದರೆ ಅತ್ತೆ ಇಲ್ಲ. ಒಳಗಿದ್ದಾರೆ! ಗಿರಾಕಿಗಳ ಬಟ್ಟೆ ಗಂಟು ಕಟ್ಟುತ್ತಿದ್ದಾರೆ!

"ಅಮ್ಮಾ, ಬಾ ಹೊರಗೆ!" — ಇವರು ಗಂಟಲು ಹರಿದುಕೊಂಡರು.

"ಇರೋ, ಊರವರ ಬಟ್ಟೆ ಕಣೋ. ಅವ್ರಿಗೆ ಏನ್ ಉತ್ತರ ಕೊಡೋದು?"

ಅಷ್ಟರಲ್ಲಿ ಮತ್ತೆ ನೆಲ ಅದುರಿತು. ತೊಲೆಯೊಂದು ಚಟ್ ಅಂದಿತು. ಇವರು ಒಳಗೆ ನುಗ್ಗಲು ಹೊರಟರು. ಚಪ್ಪಲಿಯವನು ಸೊಂಟ ಹಿಡಿದು ನಿಲ್ಲಿಸಿದ. ನನಗೆ ಅಳು ಬಂತು. ಬೇಡಿಕೊಂಡರೆ ಬರುವ ಹೆಂಗಸಲ್ಲ ಅದು. ಏನು ಹೊಳೆಯಿತೋ, ಇದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದೆ —

"ಅತ್ತೇ! ನಿಮ್ಮ ಮಗ ಡಾಕ್ಟರ ಬಿಳಿ ಕೋಟಿನ ಜೊತೆ ಹೊಸ ಕೆಂಪು ಪರದೆ ನೆನೆಹಾಕ್ತಿದ್ದಾರೆ! ಬಿಸಿನೀರಲ್ಲಿ!"

"ಏನಂದೇ?!"

ಗಂಟು ಅಲ್ಲೇ ಬಿತ್ತು. ಮಂಡಿನೋವಿನ ಅತ್ತೆ ಹಾರಿ ಬಂದರು, ಮಗನ ಕಿವಿ ಹಿಂಡಲು ಕೈ ಚಾಚಿಕೊಂಡೇ. ಹೊಸ್ತಿಲು ದಾಟಿ ನಾಲ್ಕು ಹೆಜ್ಜೆ ಇಟ್ಟಿರಬಹುದು. ಧಡಾರ್! ಮಾಡು ಪೂರ್ತಿ ಒಳಗೆ.

ಬೂದಿ ಇಳಿದ ಮೇಲೆ ಅತ್ತೆ ಅಂಗಡಿ ನೋಡಿದರು. ಮಗನ ಬರಿಗೈ ನೋಡಿದರು. ನನ್ನನ್ನು ನೋಡಿದರು.

"ಪರದೆ ಎಲ್ಲಿ?"

"ಪರದೆ ಇಲ್ಲ ಅತ್ತೆ."

ಬೀದಿಯಲ್ಲೇ ನನ್ನನ್ನು ತಬ್ಬಿಕೊಂಡು ಬೆನ್ನಿಗೆ ಎರಡು ಗುದ್ದಿದರು. ಮೂವರೂ ಅತ್ತೆವು, ನಕ್ಕೆವು. ಬದುಕಿದ್ದೇವೆ. ಇಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

ಏಪ್ರಿಲ್ 16

ನಾವು ಉಳಿದುಕೊಂಡಿರುವ ಶಾಲೆಯ ಅಂಗಳದಲ್ಲೇ ನಮ್ಮ ಲಾಂಡ್ರಿ ಈಗ. ಬೂದಿ ನಿಂತಿದೆ, ಆಕಾಶ ನೀಲಿ. ಊರವರೆಲ್ಲ ಸೇರಿ ಬಟ್ಟೆಗಳನ್ನು ಅಗೆದು ತೆಗೆದರು. ಸಿಕ್ಕಿದವರಿಗೆ ಸಿಕ್ಕಿದ್ದು — ಮೇಷ್ಟ್ರು ಪೊಲೀಸಿನ ಪ್ಯಾಂಟಿನಲ್ಲಿ, ಡಾಕ್ಟರು ಹೂವಿನ ನೈಟಿಯಲ್ಲಿ. ಅತ್ತೆ ಯಾರ ಬಟ್ಟೆಯನ್ನೂ ನೀರಿಗೆ ಹಾಕಲು ಬಿಡುತ್ತಿಲ್ಲ. ಮೊದಲು ಕೊಡವಿ, ಬ್ರಷ್ ಹಾಕಿ, ಆಮೇಲೆ ನೀರು. ಚಪ್ಪಲಿಯವನಿಂದ ಪೊರಕೆ ಎರವಲು.

ಮಾಡು ಬಿದ್ದ ಕಥೆಯನ್ನಂತೂ ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ. ದಿನಕ್ಕೊಂದು ಅಂಗುಲ ಬೆಳೆಯುತ್ತಿದೆ. ಮೊನ್ನೆ ನಾನು ಬರೀ ಕೂಗಿದ್ದೆ. ನಿನ್ನೆ ಒಳಗೆ ಬಂದು ಕೈ ಹಿಡಿದು ಎಳೆದಿದ್ದೆ. ಇವತ್ತು ಅತ್ತೆಯನ್ನು ಹೆಗಲ ಮೇಲೆ ಹೊತ್ತುಕೊಂಡು, ಮಾಡನ್ನು ಒಂದು ಕೈಯಲ್ಲಿ ತಡೆದು —

ತಿದ್ದಲು ಹೋದೆ. "ನಿನಗೇನ್ ಗೊತ್ತು? ಒಳಗಿದ್ದವಳು ನಾನು!" ಅಂದರು.

ಅತ್ತೆ ಕರೆಯುತ್ತಿದ್ದಾರೆ. ಕಣಿವೆಯಿಂದ ಹೊಸಬರು ಬಂದಿದ್ದಾರಂತೆ, ನನ್ನನ್ನು ತೋರಿಸಬೇಕಂತೆ. ಸುಮ್ಮನೆ ಪಕ್ಕದಲ್ಲಿ ನಿಂತರೆ ಸಾಕಂತೆ, ಉಳಿದದ್ದನ್ನು ಅವರೇ ಹೇಳುತ್ತಾರಂತೆ.