ಸೇಂದಿಖಾನೆಯ ಬೇವಿನ ಬುಡದ ಮಣ್ಣು

ಊರನ್ನು ಉದ್ಧಾರ ಮಾಡುವ ಹೊಣೆ ಹೊತ್ತ ಅಧಿಕಾರಿಗಳಿಗೆ,

ಮಾನ್ಯರೇ, ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ರಸ್ತೆಯಲ್ಲಿ ನಮ್ಮೂರಿಗೊಂದು ಸೇಂದಿಖಾನೆ ಇತ್ತು. ಅದನ್ನು ತಾವು ಕೆಡವಿಸಿದಿರಿ. ಅದರ ಅಂಗಳದ ಬೇವಿನ ಮರವನ್ನೂ ಕಡಿಸಿದಿರಿ. ಈಗ ಅಲ್ಲಿ ಮೂರಂತಸ್ತಿನ ವಾಣಿಜ್ಯ ಸಂಕೀರ್ಣ ಎದ್ದಿದೆ, ಅದರ ಗಾಜಿನಲ್ಲಿ ನಮ್ಮ ಮುಖ ನಮಗೇ ಕಾಣುತ್ತದೆ. ಅಭಿನಂದನೆಗಳು. ಆದರೆ ನನ್ನ ಅಪ್ಪ ಅಲ್ಲಿದ್ದ. ಅವನನ್ನು ಏನು ಮಾಡಿದಿರಿ ಎಂದು ಕೇಳಲು ಈ ಪತ್ರ.

ಗಾಬರಿಯಾಗಬೇಡಿ, ಅಪ್ಪನನ್ನು ಮಣ್ಣು ಮಾಡಿದ್ದು ಊರ ಹೊರಗಿನ ಸುಡುಗಾಡಿನಲ್ಲೇ. ಆದರೆ ಖಾನೆಯಲ್ಲೊಂದು ಪದ್ಧತಿಯಿತ್ತು. ಯಾರೇ ಕುಡಿಯಲಿ, ಮೊದಲ ಗುಟುಕನ್ನು ಬೇವಿನ ಬುಡಕ್ಕೆ ಬಿಡಬೇಕು. ಅದು ಹಿಂದೆ ಅಲ್ಲಿ ಕೂತು ಕುಡಿದು, ಈಗ ಇಲ್ಲವಾದವರ ಪಾಲು. ನಿಜಾಮರ ಕಾಲದಲ್ಲಿ ಖಾನೆ ಕಟ್ಟಿದಾಗಿನಿಂದ ಹೀಗೇ ನಡೆದು ಬಂದಿತ್ತು. ಸೇಂದಿ ನಿಂತು ಸಾರಾಯಿ ಬಂತು, ಸಾರಾಯಿ ನಿಂತು ಬಾಟಲಿ ಬಂತು. ಪಾಲು ಮಾತ್ರ ನಿಲ್ಲಲಿಲ್ಲ. ನನ್ನಪ್ಪ ವೆಂಕೋಬ ಅಕ್ಕಿ ಗಿರಣಿಯ ಹಮಾಲ. ಎದೆನೋವೆಂದು ಮಲಗಿದವನು ಏಳಲಿಲ್ಲ. ದಿನಕರ್ಮ ಮುಗಿದ ಮೇಲೆ ಖಾನೆಯ ಗೆಳೆಯರು ಅವ್ವನನ್ನು ಕರೆದೊಯ್ದು, ಅವಳ ಕೈಯಿಂದಲೇ ಅವನ ಪಾಲು ಬಿಡಿಸಿದರು. ಖಾನೆಯ ಯಜಮಾನ ಗಿಡ್ಡಪ್ಪ, "ಅಳಬ್ಯಾಡಬೇ ಯವ್ವಾ, ವೆಂಕೋಬ ಎಲ್ಲೂ ಹೋಗಿಲ್ಲ, ಇಲ್ಲೇ ಕುಂತಾನ" ಎಂದ. ಅಂದಿನಿಂದ ಪ್ರತಿ ಅಮಾವಾಸ್ಯೆಗೆ ಅವ್ವ ಅಲ್ಲಿ ಅವನ ಪಾಲು ಬಿಡುತ್ತಿದ್ದಳು.

ನನ್ನ ಅವ್ವ ಆದಮ್ಮ ಖಾನೆಯ ಬಾಗಿಲಲ್ಲಿ ಕಡಲೆ ಉಸುಳಿ ಮಾರುತ್ತಿದ್ದವಳು. ಅವಳ ಬುಟ್ಟಿ ಬರಿದಾದರೆ ಖಾನೆ ಬಂದ್ ಎಂಬುದು ಗಿಡ್ಡಪ್ಪನ ಕಾನೂನು. ಮುದಗಲ್ಲಿನ ವ್ಯಾಪಾರಿಯಿರಲಿ, ಭತ್ತದ ಲಾರಿ ಡ್ರೈವರ್ ಇರಲಿ, ಆಮೇಲೆ ಹನಿಯೂ ಸಿಗುತ್ತಿರಲಿಲ್ಲ. ಅತಿಯಾಯಿತು ಅನಿಸಿದವನಿಗೆ ಅವ್ವ ಉಸುಳಿಯನ್ನೇ ಕೊಡುತ್ತಿರಲಿಲ್ಲ. "ಸಾಕು ಏಳಲೇ, ಮನ್ಯಾಗ ಹೆಂಡ್ತಿ ರೊಟ್ಟಿ ಬಡದು ಕುಂತಾಳ" ಎನ್ನುತ್ತಿದ್ದಳು. ಎಂಥ ಗಂಡಸೂ ಬಾಲ ಮುದುರಿಕೊಂಡು ಏಳುತ್ತಿದ್ದ. ನನ್ನಪ್ಪನೂ ಎದ್ದಿದ್ದಾನೆ, ಗೊಣಗಿಕೊಂಡು.

ಕೆಡವುವ ಮುನ್ನ ತಾವು ಸಭೆ ಕರೆದಿರಿ. "ನಾಲ್ಕು ಮಂದಿ ಕುಡುಕರನ್ನು ಬಿಟ್ಟರೆ ಇದರಿಂದ ಯಾರಿಗೆ ನಷ್ಟ?" ಎಂದು ಕೇಳಿದಿರಿ. ಸಭೆ ಗೊಳ್ಳೆಂದು ನಕ್ಕಿತು. ಅವ್ವ ಹಿಂದಿನ ಸಾಲಿನಲ್ಲಿ ಸೆರಗು ಬಾಯಿಗೊತ್ತಿಕೊಂಡು ಕೂತಿದ್ದಳು. ಕುಡಿತವನ್ನು ಹೊಗಳಲು ನಾನು ಬಂದಿಲ್ಲ ಮಾನ್ಯರೇ, ಅದರ ರುಚಿ ಕುಡುಕನ ಮಗಳಿಗೆ ಗೊತ್ತಿರುವಷ್ಟು ತಮಗೆ ಗೊತ್ತಿರಲಿಕ್ಕಿಲ್ಲ. ಆದರೆ ಖಾನೆ ಹೋಗಿದ್ದಕ್ಕೆ ಕುಡಿತ ಹೋಯಿತೇ? ಅದೇ ಸಂಕೀರ್ಣದ ಮೇಲಂತಸ್ತಿನಲ್ಲಿ ಎಸಿ ಬಾರಿನ ರಿಬ್ಬನ್ ಕತ್ತರಿಸಿದ ಪುಣ್ಯಾತ್ಮರು ಯಾರು? ಅಲ್ಲಿಗೆ ಹತ್ತಲಾಗದ ಹಮಾಲರು ಈಗ ವೈನ್ ಶಾಪಿನ ಗೋಡೆಗೆ ಮುಖ ಮಾಡಿ ನಿಂತು, ಉಪ್ಪಿನಕಾಯಿ ನೆಕ್ಕಿ, ಗಟಗಟ ಸುರಿದುಕೊಂಡು ಹೋಗುತ್ತಾರೆ. ಅವರಿಗೆ ಸಾಕು ಏಳು ಎನ್ನುವವರು ಯಾರೂ ಇಲ್ಲ.

ಹೋದ ಅಮಾವಾಸ್ಯೆಯ ಸಂಜೆ ಅವ್ವ ಹಟ ಹಿಡಿದಳು. ಬೇಡವೆಂದರೂ ಕೇಳದೆ ಸಂಕೀರ್ಣದ ಮುಂದಿನ ಪಾರ್ಕಿಂಗಿಗೆ ನಡೆದಳು, ನಾನು ಹಿಂದೆ ಹೋದೆ. ಸಾಲಾಗಿ ನಿಂತ ಬೈಕುಗಳ ನಡುವೆ ನೇರ ಹೋಗಿ, ಬೇವಿದ್ದ ಜಾಗದಲ್ಲೇ ನಿಂತು, ಸೆರಗಿನ ಮರೆಯಿಂದ ಲೋಟ ತೆಗೆದು ಬಗ್ಗಿಸಿದಳು. ಅಪ್ಪನ ಪಾಲು ಟೈಲ್ಸ್ ಮೇಲೆ ಹರಿದು ಯಾರದೋ ಬೈಕಿನ ಗಾಲಿಗೆ ತಾಗಿ ನಿಂತಿತು.

"ಮೌನಿ, ನೆಲ ಕುಡೀವಲ್ದು ನೋಡವ್ವ" ಎಂದಳು.

ವಾಚ್‌ಮನ್ ಹನುಮಂತು ಫಿನಾಯಿಲ್ ಬಕೆಟ್ಟು, ಬಟ್ಟೆ ಹಿಡಿದು ಓಡಿ ಬಂದ. ಸಂತೆಕಲ್ಲೂರಿನವನು, ನರೆತ ಮೀಸೆಯವನು. ಬೈಯುತ್ತಾನೆಂದು ನಾನು ಜಗಳಕ್ಕೆ ತಯಾರಾದೆ. ಅವನು ಅವ್ವನನ್ನು ನೋಡಿದವನೇ ತಲೆ ತಗ್ಗಿಸಿದ.

"ತಪ್ಪು ತಿಳೀಬ್ಯಾಡಬೇ ಯವ್ವಾ. ಒರಸ್ಲಿಲ್ಲಂದ್ರ ನನ್ನ ಕೆಲಸ ಹೋಗ್ತೈತಿ. ನಮ್ಮಪ್ಪನ ಪಾಲೂ ಇಲ್ಲೇ ಬಿಡ್ತಿದ್ವಿ."

"ಒರಸಪ್ಪ, ನೀ ಏನ್ ಮಾಡ್ತಿ" ಎಂದಳು ಅವ್ವ.

ಅವನು ಕುಕ್ಕರುಗಾಲಲ್ಲಿ ಕೂತು ನನ್ನಪ್ಪನ ಪಾಲನ್ನು ಫಿನಾಯಿಲ್ ಬಟ್ಟೆಯಿಂದ ಒರೆಸಿದ. ಒರೆಸುತ್ತಲೇ ತೋಳಿನಿಂದ ಕಣ್ಣೊರೆಸಿಕೊಂಡ. ಮನೆಗೆ ಬಂದು ಅವ್ವ ಉಣ್ಣಲಿಲ್ಲ. "ಪಾಪ, ಬಾಯಾರಿ ಕುಂತಿರ್ತಾನ" ಎಂದಷ್ಟೇ ಹೇಳಿ ಗೋಡೆಗೆ ತಿರುಗಿ ಮಲಗಿದಳು. ಮಾನ್ಯರೇ, ಇದನ್ನು ನಷ್ಟದ ಯಾವ ಬಾಬತ್ತಿನಲ್ಲಿ ಸೇರಿಸುತ್ತೀರಿ?

ಖಾನೆ ಕಟ್ಟಿಕೊಡಿ ಎಂದು ಕೇಳುವುದಿಲ್ಲ. ಬೇವನ್ನು ತಂದುಕೊಡುವುದು ತಮ್ಮ ಕೈಲಾಗದು. ಬುಡವಿದ್ದ ಕಡೆ ನಾಲ್ಕು ಟೈಲ್ಸ್ ಕೀಳಿಸಿ, ಸಾಕು. ಬರುವ ಅಮಾವಾಸ್ಯೆಯೊಳಗೆ ಕೀಳಿಸಿ, ಅವ್ವನಿಗೂ ವಯಸ್ಸಾಯಿತು. ಜಾಗ ಗುರುತಿಸಲು ಎಂಜಿನಿಯರರನ್ನು ಕಳಿಸಬೇಡಿ, ಅವ್ವ ಬಂದು ನಿಂತು ತೋರಿಸುತ್ತಾಳೆ. ಆ ಸಂಜೆ ಹನುಮಂತುಗೆ ಬಟ್ಟೆ ಕೆಳಗಿಡಲು ಹೇಳಿ. ಅವನಪ್ಪನೂ ಬಾಯಾರಿದ್ದಾನೆ.

ಇಂತಿ,
ತಾವು ನಷ್ಟದ ಲೆಕ್ಕಕ್ಕೆ ಹಿಡಿಯದ ನಾಲ್ಕು ಮಂದಿ ಕುಡುಕರಲ್ಲಿ ಒಬ್ಬನ ಮಗಳು,
ಮೌನೇಶ್ವರಿ