ಮಡಿಕೆಯೊಳಗಿನ ಮೂರು ಹೊಲಿಗೆ

ಸಿಲಾವೊ, ಮಂಗಳವಾರ, 14 ಅಕ್ಟೋಬರ್ 2014

ಓತಿಲಿಯಾಳ ಮುಖ ಕಣ್ಣ ಮುಂದಿನಿಂದ ಸರಿಯುತ್ತಿಲ್ಲ. ನಮ್ಮ ಕಾರ್ಖಾನೆಯಲ್ಲಿ ಅವಳು ಹೊಲಿದ ಕಾರಿನ ಸೀಟನ್ನು ಇವತ್ತು ನಾನು ತಪಾಸಣೆಗೆಂದು ಮಗುಚಿದಾಗ ಚರ್ಮದ ಮಡಿಕೆಯೊಳಗೆ ಮೂರು ಹಸಿರು ಹೊಲಿಗೆಗಳು ಕಂಡವು. ಪಕ್ಕದ ಊರಾದ ಲಿಯೋನಿನ ಬೂಟಂಗಡಿಗಳ ಬೀದಿಯಲ್ಲಿ ಬೂಟು ಹೊಲಿಯುತ್ತಿದ್ದ ಕಾಲಕ್ಕೆ ನಾವೆಲ್ಲ ಬೂಟಿನ ನಾಲಗೆಯಡಿ ಹೀಗೇ ಗುರುತು ಬಿಡುತ್ತಿದ್ದೆವು, ಒಬ್ಬೊಬ್ಬರದು ಒಂದೊಂದು ಬಣ್ಣ. ಆ ಬೀದಿಯ ಕೊನೆಯ ಬೂಟಂಗಡಿ ಅವಳಪ್ಪನದು. ಅದೂ ಹೋದ ವರ್ಷ ಮುಚ್ಚಿತು. ಇಲ್ಲಿ ಸಿಲಾವೊದಲ್ಲಿ ನಾಲ್ಕನೆಯ ಕಾರಿನ ಕಾರ್ಖಾನೆಗೆ ನೆಲ ಅಗೆಯುತ್ತಿದ್ದಾರೆ.

"ಬಿಚ್ಚು," ಎಂದೆ. "ಮೇಲಿನೋರು ನೋಡಿದ್ರೆ ನಾಳೆಯಿಂದ ಮನೇಲಿ ರೊಟ್ಟಿ ತಟ್ಕೊಂಡಿರ್ಬೇಕಾಗುತ್ತೆ."

"ಒಳಗಡೆ ಯಾರು ಇಣುಕ್ತಾರೆ, ಡಾನ್ ಕೂಕೋ? ದಿನಾ ಅಷ್ಟೊಂದು ಕಾರು ಹೋಗ್ತಾವೆ. ಒಂದರಲ್ಲಾದ್ರೂ ನಾನು ಇರಬಾರ್ದಾ?" ಹಿರಿಯನೆಂಬ ಗೌರವಕ್ಕೆ ಅವಳು ನನ್ನನ್ನು ಡಾನ್ ಎನ್ನುತ್ತಾಳೆ.

"ಇದೇನು ನಿಮ್ಮಪ್ಪನ ಬೂಟಂಗಡೀನಾ?"

ಮಾತು ಬಾಯಿಂದ ಜಾರಿಬಿಟ್ಟಿತು. ಅವಳು ಹೊಲಿಗೆ ಬಿಚ್ಚಿದಳು. ಮೂರೇ ಮೂರು, ಎಷ್ಟು ಹೊತ್ತು ಹಿಡಿಯಿತು! ವರದಿಯಲ್ಲಿ ನಾನು ಏನೂ ಬರೆಯಲಿಲ್ಲ. ಅದನ್ನೇ ದೊಡ್ಡ ಉಪಕಾರವೆಂದುಕೊಂಡು ಮಲಗಬಹುದಿತ್ತು.

ಆದರೆ ಹೊಸಬರು ನೋಡಿ ಕಲಿಯಲೆಂದು ಗೋಡೆಗೆ ತೂಗುಹಾಕಿರುವ ಮಾದರಿ ಸೀಟನ್ನು ಹೊಲಿದವನು ನಾನೇ. ಅದರ ಮಡಿಕೆಯೊಳಗೆ ಮೂರು ಕೆಂಪು ಹೊಲಿಗೆಗಳಿವೆ. ಆರು ವರ್ಷವಾಯಿತು, ಯಾರೂ ಎತ್ತಿ ನೋಡಿಲ್ಲ.