ನಿನ್ನ ಹಲ್ಲು ನಿನಗೇ

ಇಸವಿ ೨೨೪೧, ಸೆಪ್ಟೆಂಬರ್ ಮೂವತ್ನಾಲ್ಕು
ಮಹಾನವಮಿ ಅಮಾವಾಸ್ಯೆಯ ಹಿಂದಿನ ದಿನ, ಮಧ್ಯಾಹ್ನ
ರೊಟ್ಟಿಯವರ ಮನೆ, ಕೆಂಪಗೇರಿ, ಮಲಪ್ರಭೆಯ ದಂಡೆ

ನಿಂಬೆವ್ವಾ,

ಇತ್ತ ನಾವು ಕ್ಷೇಮವಿಲ್ಲ. ಅತ್ತ ನೀನು ಕ್ಷೇಮವಾಗಿದ್ದೀ ಎಂದು ಗೊತ್ತು, ನನ್ನ ಸಿಟ್ಟಿಗೆ ಅದೂ ಒಂದು ಕಾರಣ. ಸೆಪ್ಟೆಂಬರಿಗೆ ಮೂವತ್ನಾಲ್ಕನೆಯ ತಾರೀಖು ಎಲ್ಲಿಂದ ಬಂತು ಎಂದು ತಲೆ ಕೆಡಿಸಿಕೊಳ್ಳಬೇಡ. ನಮ್ಮ ಸರ್ಕಾರದವರು ಬೇಸಿಗೆಯ ತಿಂಗಳುಗಳಿಂದ ಕೆಲವು ದಿನ ಕತ್ತರಿಸಿ ಮಳೆಗಾಲಕ್ಕೆ ಹೊಲಿದಿದ್ದಾರೆ. ಅದರಿಂದ ಸೆಕೆಯೇನೂ ಕಡಿಮೆಯಾಗಿಲ್ಲ. ನನ್ನ ಕೆಲವು ಮಾತು ನಿನಗೆ ವಿಚಿತ್ರವಾಗಿ ಕಂಡರೆ ಅದಕ್ಕೆ ಕ್ಷಮೆ ಕೇಳುತ್ತೇನೆ, ಇನ್ನೂರು ವರ್ಷದಲ್ಲಿ ಭಾಷೆಯೂ ಸವೆಯುತ್ತದೆ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಾನು ದಾಕ್ಷಾಯಣಿ. ನೀನು ಕಟ್ಟಿದ ಮನೆಗೆ ಸೊಸೆಯಾಗಿ ಬಂದು ಹಿರಿತನ ಹಿಡಿದವರಲ್ಲಿ ಏಳನೆಯವಳು. ಲೆಕ್ಕದ ಪ್ರಕಾರ ನೀನು ನನಗೆ ಮುತ್ತಜ್ಜಿಯ ಮುತ್ತಜ್ಜಿಗಿಂತ ಹಿರಿಯಳು, ಕಾಲು ಮುಟ್ಟಿ ನಮಸ್ಕಾರ ಮಾಡಬೇಕಾದವಳು. ಆದರೆ ಈ ಪತ್ರ ನಿನ್ನ ಕೈಗೆ ಸೇರುವ ದಿನ ನಿನಗೆ ನಲವತ್ನಾಲ್ಕು ವರ್ಷ, ನನಗೆ ಅರವತ್ತಾರು. ಆದ್ದರಿಂದ ಏಕವಚನದಲ್ಲಿಯೇ ಮಾತಾಡುತ್ತೇನೆ. ನೀನು ನನ್ನ ರಕ್ತವೂ ಅಲ್ಲ. ನನ್ನ ತವರಿನಲ್ಲಿ ಎಲ್ಲರೂ ಸಾಯುವವರೆಗೆ ತಮ್ಮ ಹಲ್ಲಿನಲ್ಲಿಯೇ ತಿಂದವರು.

ಈ ಪತ್ರ ಬಂದದ್ದು ಹಿಂದಂಚೆಯಲ್ಲಿ. ಹಿಂದಂಚೆ ಎಂದರೆ ಹಿಂದಿನ ಕಾಲಕ್ಕೆ ಹೋಗುವ ಟಪಾಲು. ಬದುಕಿನಲ್ಲಿ ಒಂದೇ ಸಲ, ಒಂದೇ ಮನೆತನದೊಳಗೆ, ಒಂದು ಪತ್ರ ಮತ್ತು ಮುಷ್ಟಿಯಲ್ಲಿ ಹಿಡಿಸುವಷ್ಟು ಒಂದು ವಸ್ತು ಕಳಿಸಲು ಅವಕಾಶ. ಕಳಿಸಿದ್ದು ವಾಪಸು ಬರುವುದಿಲ್ಲ, ಜವಾಬೂ ಬರುವುದಿಲ್ಲ. ನಮ್ಮ ಓಣಿಯ ಜನ ಈ ಅವಕಾಶವನ್ನು ಸತ್ತ ಮಗುವಿಗೆ ಔಷಧ ಕಳಿಸಲು, ಜಗಳವಾಡಿ ಹೋದ ಅಣ್ಣನಿಗೆ ಒಂದು ಮಾತು ಹೇಳಲು ಕಾಯ್ದಿಟ್ಟುಕೊಳ್ಳುತ್ತಾರೆ. ನಾನು ಅದನ್ನು ನಿನ್ನ ಮೇಲೆ ಖರ್ಚು ಮಾಡುತ್ತಿದ್ದೇನೆ. ಎಷ್ಟು ಹೊಟ್ಟೆ ಉರಿದಿರಬೇಕು, ನೀನೇ ಯೋಚಿಸು.

ನಮ್ಮ ಕಾಲದಲ್ಲಿ ಹಲ್ಲು ಹೋದರೆ ಯಾರೂ ಅಳುವುದಿಲ್ಲ. ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಹಲ್ಲುಮಡಿ ಇದೆ. ಮೆಣಸಿನ ಸಸಿಯನ್ನು ಮಡಿಯಲ್ಲಿ ಬೆಳೆಸಿ ಹೊಲಕ್ಕೆ ನೆಡುವ ಹಾಗೆ, ಅಲ್ಲಿ ನಮ್ಮದೇ ಒಸಡಿನ ಚೂರಿನಿಂದ ಹಲ್ಲಿನ ಮೊಳಕೆ ಎಬ್ಬಿಸಿ ದವಡೆಗೆ ನೆಡುತ್ತಾರೆ. ಅದಕ್ಕೆ ಸಸಿಹಲ್ಲು ಎನ್ನುತ್ತಾರೆ. ಐದು ತಿಂಗಳು ಮೆತ್ತಗಿನದನ್ನು ತಿನ್ನಬೇಕು, ಆರನೆಯ ತಿಂಗಳು ಹುರಿಗಡಲೆ ಕಡಿಯಬಹುದು. ನಮ್ಮ ಪಕ್ಕದ ಮನೆಯ ಅಡಿವೆಪ್ಪನಿಗೆ ಎಂಬತ್ತೊಂದು ವರ್ಷ, ಮೂರನೆಯ ಬೆಳೆ ಬಾಯಲ್ಲಿ ನಿಂತಿದೆ, ನನ್ನ ಎದುರಿಗೇ ಕಟ್ಟೆಯ ಮೇಲೆ ಕೂತು ಕಬ್ಬು ಸುಲಿಯುತ್ತಾನೆ. ಇದಕ್ಕೆ ಒಂದೇ ನಿಯಮ. ದವಡೆಯಲ್ಲಿ ಎಲುಬು ಇರಬೇಕು. ಹಲ್ಲಿಲ್ಲದೆ ಬಹಳ ವರ್ಷ ಬಿಟ್ಟರೆ ಎಲುಬು ಕರಗುತ್ತದೆ, ಆಮೇಲೆ ಯಾವ ಸಸಿಯೂ ಹಿಡಿಯುವುದಿಲ್ಲ. ನನ್ನದು ಕರಗಿ ಹೋಗಿದೆ. ಹಲ್ಲುಮಡಿಯ ಡಾಕ್ಟರ್ ನನ್ನ ಬಾಯಿ ನೋಡಿ ಕೈ ತೊಳೆದುಕೊಂಡ.

ಊರಿಗೆಲ್ಲ ಹಲ್ಲು ಬೆಳೆಯುವ ಕಾಲದಲ್ಲಿ ಒಂದು ಮನೆಯ ಸೊಸೆಯಂದಿರು ಮಾತ್ರ ಬೊಚ್ಚುಬಾಯಿಯವರು. ಅದು ನಿನ್ನ ಮನೆ. ಯಾಕೆ ಎಂದು ಈಗ ಹೇಳುತ್ತೇನೆ, ಕೇಳು.

ನೀನು ಈಗ ಮೂರು ಹಂಚು ಇಟ್ಟುಕೊಂಡು ಕಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತಿದ್ದೀ. ಬೆಳಿಗ್ಗೆ ಮೊದಲ ಒಬ್ಬೆಯ ಮೊದಲ ರೊಟ್ಟಿಯನ್ನು ನೀನೇ ಕಡಿದು ನೋಡುತ್ತೀ. ಕಟ್ ಎಂದು ಸದ್ದು ಬಂದರೆ ಸರಿ, ಇಲ್ಲದಿದ್ದರೆ ಅಷ್ಟನ್ನೂ ಮತ್ತೆ ಹಂಚಿನ ಮೇಲೆ ಒಣಗಿಸುತ್ತೀ. ಒಳ್ಳೆಯ ಪದ್ಧತಿ, ಅದರಲ್ಲಿ ತಪ್ಪು ಹುಡುಕುವುದಿಲ್ಲ. ಹೋದ ತಿಂಗಳು ನಿನ್ನ ಬಲಗಡೆಯ ಕೆಳಗಿನ ದವಡೆ ಹಲ್ಲು ಹೋಯಿತು. ಮಗಳು ಡಾಕ್ಟರ ಹತ್ತಿರ ಹೋಗೋಣ ಎಂದಾಗ ನೀನು ಹೇಳಿದ ಮಾತು ನಮ್ಮ ಮನೆಯ ಪ್ರತಿ ಮಗುವಿಗೂ ಬಾಯಿಪಾಠ, ಯಾಕೆಂದರೆ ಪ್ರತಿ ವರ್ಷ ಹಿರಿಯರ ಪೂಜೆಯ ದಿನ ನಿನ್ನ ಕಥೆ ಹೇಳುತ್ತಾರೆ. "ಒಂದು ಹಲ್ಲು ಹೋದ್ರ ಏನಾತು ಬಿಡ, ಇನ್ನೂ ಮೂವತ್ತೊಂದು ಅದಾವಲ್ಲ. ಹಿಂದಿಂದು ಯಾರಿಗೆ ಕಾಣತೈತಿ." ಇದನ್ನು ಕೇಳಿ ಎಲ್ಲರೂ ನಗುತ್ತಾರೆ. ನಾನೂ ಮೊದಲು ನಗುತ್ತಿದ್ದೆ.

ಆ ಖಾಲಿ ಜಾಗಕ್ಕೆ ಪಕ್ಕದ ಹಲ್ಲು ವಾಲುತ್ತದೆ, ಮೇಲಿನದು ಕೆಳಗೆ ಇಳಿಯುತ್ತದೆ, ಸಂದಿಯಲ್ಲಿ ಹಿಟ್ಟು ಕೂತು ಒಂದೊಂದೇ ಸಡಿಲವಾಗುತ್ತವೆ. ನೀನು ಅವಕ್ಕೆ ಲವಂಗ ಇಡುತ್ತೀ, ತಂಬಾಕಿನ ಪುಡಿ ತಿಕ್ಕುತ್ತೀ, ದೇವರಿಗೆ ಹರಕೆ ಹೊರುತ್ತೀ. ಡಾಕ್ಟರ ಮೆಟ್ಟಿಲು ಮಾತ್ರ ಹತ್ತುವುದಿಲ್ಲ, ಸೂಜಿಯ ಭಯ. ಅರವತ್ತಾಗುವ ಹೊತ್ತಿಗೆ ಬಾಯಿ ಖಾಲಿ. ಆಗ ಒಂದು ಹಲ್ಲಿನ ಸೆಟ್ ಮಾಡಿಸಿಕೊಳ್ಳುತ್ತೀ, ಹಾಕಿ ತೆಗೆಯುವಂಥದ್ದು. ಅದರಲ್ಲಿಯೇ ರೊಟ್ಟಿ ಕಡಿಯುವುದನ್ನು ಕಲಿಯುತ್ತೀ. ಎಂಬತ್ತಮೂರನೆಯ ವಯಸ್ಸಿನಲ್ಲಿ ಹಾಸಿಗೆ ಹಿಡಿದಾಗ ಅದನ್ನು ಬಾಯಿಂದ ತೆಗೆದು ಸೊಸೆಯ ಕೈಗೆ ಕೊಟ್ಟು ಹೇಳುತ್ತೀ: "ಇದನ್ನ ಒಗೀಬ್ಯಾಡ್ರಿ. ಈ ಹಲ್ಲಿಗೆ ರೊಟ್ಟಿ ಗೊತ್ತೈತಿ. ನನ್ನ ಜಾಗಾದಾಗ ಯಾರು ಕುಂದರತಾರೋ ಅವರು ಹಾಕ್ಕೋರಿ."

ಚೇಷ್ಟೆಗೆ ಅಂದಿದ್ದಿಯೋ ಏನೋ. ನೀನು ಚೇಷ್ಟೆಯ ಹೆಂಗಸು ಎಂದು ಕಥೆಯೇ ಹೇಳುತ್ತದೆ. ಆದರೆ ಸಾಯುವವರ ಮಾತು ದಾಟಬಾರದು ಎಂದು ನಂಬಿದ ಮಂದಿಯ ಎದುರು ಚೇಷ್ಟೆ ಮಾಡಬಾರದು, ನಿಂಬೆವ್ವಾ. ನಿನ್ನ ಮೊದಲ ಸೊಸೆಗೆ ಆಗಲೇ ಹಲ್ಲಿರಲಿಲ್ಲ. ಒಸಡಿನ ಅಳತೆಗೆ ಒಂದು ಪದರು ಹಚ್ಚಿಸಿ ಹಾಕಿಕೊಂಡಳು, ಯಾರಿಗೂ ತೊಂದರೆಯಾಗಲಿಲ್ಲ. ಎರಡನೆಯವಳಿಗೆ ನಾಲ್ಕು ಉಳಿದಿದ್ದವು, ಸೆಟ್ ಕೂರಲಿ ಎಂದು ಆ ನಾಲ್ಕನ್ನು ಕೀಳಿಸಿದಳು. ಮೂರನೆಯವಳಿಗೆ ಹನ್ನೆರಡು. ನಾಲ್ಕನೆಯವಳ ಹೊತ್ತಿಗೆ ಅದು ಪದ್ಧತಿಯಾಗಿ, ಅದಕ್ಕೆ ಬಾಯಿ ಹಿಡಿಯುವುದು ಎಂಬ ಹೆಸರೂ ಬಂದಿತ್ತು. ಅಮಾವಾಸ್ಯೆಯ ದಿನ ಅತ್ತೆ ಆ ಸೆಟ್ಟನ್ನು ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣದ ಜೊತೆ ಸೊಸೆಯ ಉಡಿಗೆ ಹಾಕುತ್ತಾಳೆ. ಮರುದಿನದಿಂದ ಕೀಳುವ ಕೆಲಸ. ಯುಗಾದಿಯ ಹೊತ್ತಿಗೆ ಗಾಯ ಮಾದು, ಹೊಸ ಪದರು ಹಚ್ಚಿ, ಸೊಸೆ ಎಲ್ಲರ ಎದುರು ರೊಟ್ಟಿ ಕಡಿದು ಸದ್ದು ಕೇಳಿಸುತ್ತಾಳೆ. ಅಂದಿನಿಂದ ಮನೆಯಲ್ಲಿ ಅವಳ ಮಾತು ನಡೆಯುತ್ತದೆ.

ನನ್ನ ಉಡಿಗೆ ಬಿದ್ದಾಗ ನನಗೆ ನಲವತ್ತೆರಡು. ಇಪ್ಪತ್ತೊಂಬತ್ತು ಹಲ್ಲಿದ್ದವು, ಒಂದಕ್ಕೂ ಹುಳುಕಿರಲಿಲ್ಲ. ಒಂಬತ್ತು ಸಲ ಕುರ್ಚಿಯಲ್ಲಿ ಕೂತೆ. ನಾಲ್ಕನೆಯ ಸಲ ಡಾಕ್ಟರಮ್ಮ ಇಕ್ಕಳ ಕೆಳಗಿಟ್ಟು, "ಇಷ್ಟು ಗಟ್ಟಿ ಹಲ್ಲು ಕೀಳಾಕ ನನ್ನ ಕೈ ಬರವಲ್ದುರೀ" ಎಂದಳು. ನನ್ನ ಅತ್ತೆ ಬಾಗಿಲಲ್ಲಿ ನಿಂತು, "ಕೀಳ್ರಿ, ಮನಿ ಹಿರೇತನ ಪುಕ್ಕಟೆ ಬರೂದಿಲ್ಲ" ಎಂದರು. ಹೇಳಿದ್ದು ಬೊಚ್ಚುಬಾಯಿಯಲ್ಲಿ, ಏಕೆಂದರೆ ಅವರ ಹಲ್ಲು ಆಗಲೇ ನನ್ನ ಉಡಿಯಲ್ಲಿತ್ತು.

ಈಗ ಯಾರಿಗೂ ಹೇಳದ ಒಂದು ಮಾತು. ಆ ಹಲ್ಲಿಗೆ ರೊಟ್ಟಿ ಗೊತ್ತಿಲ್ಲ. ಅದಕ್ಕೆ ಏನೂ ಗೊತ್ತಿಲ್ಲ. ಸ್ವಂತ ಹಲ್ಲಿನ ಬುಡಕ್ಕೆ ಜೀವ ಇರುತ್ತದೆ, ರೊಟ್ಟಿ ಎಷ್ಟು ಒಣಗಿದೆ, ಎಲ್ಲಿ ಹಸಿ ಉಳಿದಿದೆ ಎಂದು ಅದು ಹೇಳುತ್ತದೆ. ಸೆಟ್ಟಿನಲ್ಲಿ ಕಡಿದರೆ ರೊಟ್ಟಿಯೂ ಒಂದೇ ಹಪ್ಪಳವೂ ಒಂದೇ. ಇಪ್ಪತ್ನಾಲ್ಕು ವರ್ಷ ನಾನು ಬರೀ ಸದ್ದು ಕೇಳಿ ತಲೆ ಅಲ್ಲಾಡಿಸಿದ್ದೇನೆ. ನನ್ನ ಅತ್ತೆಯೂ ಹಾಗೆಯೇ ಮಾಡಿರಬೇಕು. ಊರು ಹೊಗಳುವ ಈ ಮನೆಯ ರೊಟ್ಟಿಯನ್ನು ಎರಡು ನೂರು ವರ್ಷದಿಂದ ರುಚಿ ತಿಳಿಯದ ಬಾಯಿಗಳು ಒಪ್ಪಿವೆ.

ಹಾಗಾದರೆ ರೊಟ್ಟಿ ಕೆಡದೆ ಉಳಿದದ್ದು ಹೇಗೆ ಎಂದು ಕೇಳು. ಹೊನ್ನವ್ವ ಇದ್ದಾಳೆ, ನನ್ನ ಸೊಸೆ. ಮೂವತ್ತೇಳು ವರ್ಷ, ಕಡ್ಲಿಮಟ್ಟಿ ಕಡೆಯ ಹುಡುಗಿ. ನಾನು ಕಡಿಯುವ ಮೊದಲೇ ಒಲೆಯ ಹಿಂದೆ ನಿಂತು ಒಂದು ಚೂರು ಮುರಿದು ತಿಂದು, "ಅತ್ತೀ, ಇದನ್ನ ಇನ್ನೊಂದ್ ಸ್ವಲ್ಪ ಸುಡೂಣು" ಎನ್ನುತ್ತಾಳೆ. ಅವಳ ಮಾತೇ ಸರಿ ಇರುತ್ತದೆ. ಶೇಂಗಾ ಚಟ್ನಿ ಸವರಿದ ರೊಟ್ಟಿಯನ್ನು ಹಸಿ ಉಳ್ಳಾಗಡ್ಡಿಯ ಜೊತೆ ಅವಳು ತಿನ್ನುವಾಗ ನಾನು ಹಾಲಿನಲ್ಲಿ ನೆನೆಸಿದ ರೊಟ್ಟಿ ಬಿಟ್ಟು ಅವಳ ಬಾಯಿ ನೋಡುತ್ತಾ ಕೂರುತ್ತೇನೆ. ನಾಚಿಕೆಯೇನಿಲ್ಲ, ನನಗೆ ಆ ಸದ್ದು ಇಷ್ಟ. ಅವಳ ಮೂವತ್ತು ಹಲ್ಲುಗಳನ್ನು ನಾನು ನನ್ನವು ಎಂಬಂತೆ ಕಾಯ್ದಿದ್ದೇನೆ.

ನಾಳೆ ಅವಳ ಉಡಿ ತುಂಬಬೇಕು. ನಿನ್ನೆ ಅವಳನ್ನು ಕೂರಿಸಿ, ಬೇಡ ಎಂದು ಹೇಳು, ನಾನು ನಿನ್ನ ಬೆನ್ನಿಗಿರುತ್ತೇನೆ ಎಂದೆ. ಅವಳು ಹಿಟ್ಟಿನ ಕೈ ಒರೆಸಿಕೊಂಡು ನಕ್ಕಳು. "ನೀವು ಕೀಳಿಸಿಕೊಂಡೀರಿ, ನಾ ಕೀಳಿಸಿಕೊಳ್ಳಲಿಲ್ಲಂದ್ರ ಮಂದಿ ಏನಂತಾರ. ನೋವು ಒಂದ್ ಗಳಿಗಿ ಇರತೈತಿ ಬಿಡ್ರಿ." ನಿನ್ನದೇ ಧಾಟಿ. ಏನಾಗುತ್ತದೆ ಬಿಡು ಎನ್ನುವ ರೋಗ ಈ ಮನೆಯ ನೀರಿನಲ್ಲಿಯೇ ಇದೆಯೋ ಏನೋ. ಆ ಉತ್ತರ ಕೇಳಿ ನನಗೆ ಬಂದ ಸಿಟ್ಟು ಅವಳ ಮೇಲಲ್ಲ.

ಆ ಸೆಟ್ಟನ್ನು ಒಡೆದು ಹಾಕಬಾರದೇ ಎನ್ನುತ್ತೀಯೇನೋ. ನಾಲ್ಕನೆಯವಳು ಒರಳಿನಲ್ಲಿ ಹಾಕಿ ಕುಟ್ಟಿದಳಂತೆ, ಚೂರುಗಳನ್ನು ಆರಿಸಿ ಅಂಟಿಸಿದರು. ಐದನೆಯವಳು ಬಾವಿಗೆ ಎಸೆದಳು, ಬಾವಿಯ ನೀರು ಬತ್ತಿಸಿ ತೆಗೆದು, ಹಾಲಿನಲ್ಲಿ ತೊಳೆದು ದೇವರ ಜಗಲಿಯ ಮೇಲೆ ಇಟ್ಟರು. ಏಳು ಬಾಯಿಯ ಅಳತೆಗೆ ಹಚ್ಚಿದ ಏಳು ಪದರು ಅದರಲ್ಲಿವೆ, ಅಂಚಿನಲ್ಲಿ ಬೆರಳಾಡಿಸಿದರೆ ಒಂದೊಂದೂ ಕೈಗೆ ಸಿಗುತ್ತದೆ. ಹಿರಿಯಳ ವಸ್ತು ಎಂದು ಕಣ್ಣಿಗೊತ್ತಿಕೊಳ್ಳುವ ಜನರ ಮುಂದೆ ಸುತ್ತಿಗೆ ಹಿಡಿದು ಏನು ಮಾಡಲಿ.

ನಿನಗೆ ದಾರಿಯಿರಲಿಲ್ಲ ಎಂದರೆ ಕ್ಷಮಿಸುತ್ತಿದ್ದೆ. ನಿನ್ನ ಕಾಲದ ವಿಷಯ ಓದಿದ್ದೇನೆ. ಒಂದು ಹಲ್ಲು ಹೋದಾಗ ದವಡೆಯ ಎಲುಬಿಗೆ ತಿರುಪು ಕೂರಿಸಿ ಅದರ ಮೇಲೆ ಹಲ್ಲು ಕಟ್ಟುತ್ತಿದ್ದರು, ಇಂಪ್ಲಾಂಟ್ ಎಂದು. ಎಲುಬು ಗಟ್ಟಿ ಇರುವಾಗಲೇ ಹೋದರೆ ಒಳ್ಳೆಯದು, ಕೆಲವು ತಿಂಗಳ ಕೆಲಸ, ಸಕ್ಕರೆ ಕಾಯಿಲೆ ಇದ್ದರೆ ಮೊದಲು ಅದನ್ನು ಹತೋಟಿಗೆ ತರಬೇಕು. ಅದು ಬೇಡವೆಂದರೆ ಬ್ರಿಜ್ ಇತ್ತು, ಅಕ್ಕಪಕ್ಕದ ಎರಡು ಹಲ್ಲು ಅರೆದು ಕ್ಯಾಪ್ ಹಾಕಿ ನಡುವೆ ಒಂದನ್ನು ಜೋಡಿಸುವುದು. ಒಳ್ಳೆಯ ಹಲ್ಲನ್ನು ಅರೆಯಬೇಕಲ್ಲ ಎಂಬ ಕೊರಗು ಅದರಲ್ಲಿದೆ, ಆದರೆ ಬೇಗ ಮುಗಿಯುತ್ತದೆ. ಅದೂ ಬೇಡವೆಂದರೆ ಒಂದೇ ಹಲ್ಲಿನ, ಹಾಕಿ ತೆಗೆಯುವ ಸಣ್ಣ ಸೆಟ್, ಅಗ್ಗದ್ದು, ಬಾಯಲ್ಲಿ ಸ್ವಲ್ಪ ಅಲ್ಲಾಡುತ್ತದೆ. ಯಾವುದು ಸರಿ ಎಂದು ಬಾಯಿ ನೋಡಿ ಡಾಕ್ಟರ್ ಹೇಳುತ್ತಿದ್ದರು, ನಾನಲ್ಲ. ನೀನು ಆರಿಸಿದ್ದು ಯಾವುದನ್ನೂ ಅಲ್ಲ, ಬಿಡು ಎನ್ನುವುದನ್ನು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎನ್ನುತ್ತಾರೆ. ನಿನಗೆ ಎರಡೂ ಇದ್ದವು. ಒಂದು ಮುಂಜಾನೆ ಮೂರು ಹಂಚು ಇಳಿಸಿ ಡಾಕ್ಟರ ಹತ್ತಿರ ಹೋಗಲು ನಿನಗೆ ಆಗಲಿಲ್ಲ. ಅದಕ್ಕಾಗಿ ನನ್ನ ಇಪ್ಪತ್ತೊಂಬತ್ತು ಹೋದವು.

ಈಗ ಪತ್ರದ ಜೊತೆಗಿರುವ ಗಂಟನ್ನು ಬಿಚ್ಚು. ಹೌದು, ಅದೇ. ನೀನು ಇನ್ನೂ ಮಾಡಿಸದ, ಹದಿನಾರು ವರ್ಷದ ನಂತರ ಮಾಡಿಸಲಿರುವ ನಿನ್ನ ಸೆಟ್. ಮಾಡಿಸದಿದ್ದರೆ ಇದು ಎಲ್ಲಿಂದ ಬಂತು ಎಂದು ನನ್ನನ್ನು ಕೇಳಬೇಡ. ಹಿಂದಂಚೆ ಕಚೇರಿಯ ಕಟ್ಟೆಯಲ್ಲಿ ವಿಚಾರಿಸಿದೆ, "ಅದು ನಮಗೂ ತಿಳಿವಲ್ದು ಯವ್ವಾ" ಎಂದರು. ನನಗೆ ಬೇಕಾದದ್ದು ಇಷ್ಟೇ. ಒಡೆದರೆ ಅಂಟಿಸುತ್ತಾರೆ, ಎಸೆದರೆ ಹುಡುಕುತ್ತಾರೆ, ಹಿಂದಂಚೆಗೆ ಹಾಕಿದ್ದು ಮಾತ್ರ ವಾಪಸು ಬರುವುದಿಲ್ಲ. ನಾಳೆ ಉಡಿ ತುಂಬಲು, ಸೆಟ್ ಇಡುವ ಜಗಲಿಯ ಮೇಲಿನ ಡಬ್ಬಿ ತೆರೆದಾಗ ಅದು ಖಾಲಿ ಇರುತ್ತದೆ. ಮಂದಿ ಬಾಯಿ ಬಡಿದುಕೊಳ್ಳುತ್ತಾರೆ. ಯಾರದ್ದೋ ಅವರ ಕೈಗೇ ಕೊಟ್ಟೆ ಎಂದು ಹೇಳುತ್ತೇನೆ. ಹಿರಿಯಳ ವಸ್ತುವನ್ನು ಹಿರಿಯಳಿಗೇ ಒಪ್ಪಿಸಿದರೆ ಯಾವ ಶಾಸ್ತ್ರದವರು ತಪ್ಪು ಹೇಳುತ್ತಾರೋ ನೋಡೋಣ.

ಆಮೇಲೆ ಹೊನ್ನವ್ವನ ಉಡಿಗೆ ಅಕ್ಕಿ, ಕೊಬ್ಬರಿ, ಖಣ ಹಾಕಿ, ಅದರ ಮೇಲೆ ಮೊದಲ ಒಬ್ಬೆಯ ರೊಟ್ಟಿ ಇಡುತ್ತೇನೆ. ಎಲ್ಲರ ಎದುರು ಅವಳ ಹಲ್ಲಿನಲ್ಲಿಯೇ ಅವಳು ಕಡಿಯಬೇಕು. ಈ ಮನೆಯ ಹಿರಿಯಳಾಗಿ ಅದು ನನ್ನ ಕೊನೆಯ ಮಾತು. ತೊದಲುತ್ತದೆ, ಗೊತ್ತು. ತೊದಲಿದರೂ ಹೇಳುತ್ತೇನೆ.

ನಿನ್ನನ್ನು ಕೇಳಿಕೊಳ್ಳುವುದು ಎರಡೇ. ನಾಳೆಯೇ ಡಾಕ್ಟರ ಹತ್ತಿರ ಹೋಗು, ಭಯವಾದರೆ ಮಗಳ ಕೈ ಹಿಡಿದುಕೊ. ಮತ್ತು ಸಾಯುವಾಗ ಬಾಯಿ ಮುಚ್ಚಿಕೊಂಡು ಸಾಯಿ. ಈ ಸೆಟ್ ನಿನ್ನ ಜೊತೆಗೇ ಮಣ್ಣಿಗೆ ಹೋಗಲಿ.

ಬರೆಯುವುದು ಮುಗಿಯಿತು, ಹಿಂದಂಚೆಯ ಕಟ್ಟೆ ಸಂಜೆ ಐದಕ್ಕೆ ಮುಚ್ಚುತ್ತದೆ. ಹೊನ್ನವ್ವ ಒಲೆಯ ಹಿಂದೆ ನಿಂತು ಏನೋ ತಿನ್ನುತ್ತಿದ್ದಾಳೆ, ಇಲ್ಲಿಯವರೆಗೆ ಕೇಳಿಸುತ್ತಿದೆ.

ನಿನ್ನ ಮನೆಯ ಏಳನೆಯ ಬೊಚ್ಚುಬಾಯಿ, ಕೊನೆಯವಳು,
ದಾಕ್ಷಾಯಣಿ